ಎರಡೇ ಬಾಗಿಲಿನ ಅಮೆರಿಕದ ಗಾಡಿ

ಕಳೆದ ತಿಂಗಳು ಧಾರವಾಡದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮದುಮಗ ಹಳೆಯ ಕಾಲದ ಕಾರಿನಲ್ಲಿ ಮೆರವಣಿಗೆ ಬಂದ. ಈಗ ಅಂಥ ಕಾರುಗಳನ್ನು ಬಾಡಿಗೆಗೆ ಕೊಡುವವರಿದ್ದಾರಂತೆ. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ನಾನು ಮೆಲ್ಲಗೆ ಎದ್ದು ಹೊರಗೆ ಹೋದೆ. ಬಿಸಿಲಿಗೆ ನಿಂತಿದ್ದ ಆ ಕಾರಿನ ಕಿಟಕಿಯೊಳಗೆ ತಲೆ ತೂರಿಸಿ ಒಂದು ಸಲ ಉಸಿರೆಳೆದೆ. ಕಾದ ರೆಕ್ಸಿನ್ನು, ಹಳೆಯ ಪೆಟ್ರೋಲು, ಸೀಟಿನ ಹೊಟ್ಟೆಯೊಳಗಿನ ತೆಂಗಿನ ನಾರು. ಅದೇ ವಾಸನೆ! ಡ್ರೈವರ್ ಓಡಿ ಬಂದು, "ಏನ ಬೇಕಾಗಿತ್ರಿ ಅಜ್ಜಿ?" ಅಂದ. "ಏನಿಲ್ಲಪ್ಪಾ, ವಾಸನಿ ನೋಡಾಕ ಹತ್ತೇನಿ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲು ಭದ್ರವಾಗಿದೆಯೇ ಅಂತ ಎಳೆದು ನೋಡಿಕೊಂಡ.

ನನಗೆ ಸ್ವಲ್ಪ ಬೇಸರವೂ ಆಯಿತು. ಆ ಕಾರಿಗೆ ನಾಲ್ಕು ಬಾಗಿಲಿದ್ದವು.

ಕಾರಿಗೆ ನಾಲ್ಕು ಬಾಗಿಲಿರದೆ ಇನ್ನೆಷ್ಟಿರಬೇಕು ಎನ್ನುತ್ತೀರಾ? ಎನ್ನಿ. ನಾನು ವಾದಕ್ಕೆ ಸಿದ್ಧಳಿದ್ದೇನೆ. ನನ್ನ ಪಕ್ಷ ಎರಡು ಬಾಗಿಲಿನದು. ಅಮೆರಿಕದವರು ಒಂದು ಕಾಲಕ್ಕೆ ಕೂಪೆ ಅಂತ ಒಂದು ಜಾತಿಯ ಗಾಡಿ ಮಾಡುತ್ತಿದ್ದರು. ಅವುಗಳಲ್ಲೂ ಹೆಸರು ಮಾಡಿದವು ನನಗೆ ಬೇಡ. ಮಾಡಿದ ಕಂಪನಿಯೇ ಮುಚ್ಚಿಹೋಗಿ, ಸಾಮಾನು ಸಿಗದೆ, ಈಗ ಯಾರೂ ಹೆಸರೆತ್ತದ ಗಾಡಿಗಳಿವೆಯಲ್ಲ, ಅವು ನನ್ನವು. ಮಾರುದ್ದ ಮೂತಿ, ಹಿಂದಕ್ಕೆ ಇಳಿಜಾರಾಗಿ ಬಂದ ಛಾವಣಿ, ಮುಂದೆ ಎರಡು ಸೀಟು, ನಡುವೆ ಗೇರಿನ ಕೋಲು. ಹಿಂದೆ ಒಂದು ಇಕ್ಕಟ್ಟು ಜಾಗ. ಅಲ್ಲಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಿ, ಸೊಂಟ ಬಗ್ಗಿಸಿ ನುಸುಳಬೇಕು. ಕೂತ ಮೇಲೆ ಮೊಣಕಾಲು ಗದ್ದಕ್ಕೆ ತಾಗುತ್ತದೆ. ಇಷ್ಟು ದೊಡ್ಡ ಗಾಡಿ ಇಬ್ಬರಿಗೋಸ್ಕರವೇ? ಹೌದು, ಇಬ್ಬರಿಗೋಸ್ಕರ. ಅದರ ಚೆಲುವೆಲ್ಲ ಆ ಮೊಂಡುತನದಲ್ಲೇ ಇದೆ.

ನಮ್ಮ ಸೀಮೆಯಲ್ಲಿ ಗಾಡಿಯ ಲೆಕ್ಕವೇ ಬೇರೆ. ಎಲ್ಲಮ್ಮನ ಗುಡ್ಡಕ್ಕೆ ಒಂದು ಚಕ್ಕಡಿ ಹೊರಟಿತೆಂದರೆ ಅಜ್ಜಿ, ಸೊಸೆಯಂದಿರು, ಹುಡುಗರು, ಪಕ್ಕದ ಮನೆಯವರು, ರೊಟ್ಟಿ ಬುತ್ತಿ, ಎತ್ತಿನ ಮೇವು ಎಲ್ಲ ಅದರಲ್ಲೇ. ಇಷ್ಟಾದ ಮೇಲೂ ದಾರಿಯಲ್ಲಿ ಕೈ ಮಾಡಿದವರಿಗೆ "ಬರ್ರಿ, ಬರ್ರಿ, ಸರದ ಕುಂದ್ರೂಣು" ಎನ್ನಬೇಕು. ಇಂಥ ಜನರ ನಡುವೆ, ಎಪ್ಪತ್ತರ ದಶಕದಲ್ಲಿ, ಬೈಲಹೊಂಗಲದ ಪೇಟೆಯಲ್ಲಿ ನನ್ನ ಮಾಮಾ ಇಬ್ಬರೇ ಕೂಡುವ ಗಾಡಿ ತಂದು ನಿಲ್ಲಿಸಿದ. ಮಾಮಾ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಹಾಗೆಯೇ ಕರೆಯುವುದು. ಹೆಸರು ಈರಣ್ಣ. ಹತ್ತಿಯ ದಲಾಲಿ ಅಂಗಡಿ ಇತ್ತು. ಮಾತು ಕಡಿಮೆ, ಆದರೆ ಹಟಕ್ಕೆ ಬಿದ್ದರೆ ಕೋಣ.

ಅವನು ಆ ಗಾಡಿ ಯಾಕೆ ತಂದ ಎನ್ನುವುದನ್ನು ಹೇಳಬೇಕಾದರೆ ನಮ್ಮ ಮನೆಯ ಹುಳುಕು ಸ್ವಲ್ಪ ಬಿಚ್ಚಬೇಕಾಗುತ್ತದೆ. ಬಿಚ್ಚುತ್ತೇನೆ, ನನಗೇನು ನಾಚಿಕೆಯಿಲ್ಲ.

ನಮ್ಮದು ಸಂಗೊಳ್ಳಿ. ಕಾಲೇಜು ಕಲಿಯುವುದಕ್ಕೆಂದು ನಾನು ಬೈಲಹೊಂಗಲದಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಹೆಸರು ಕಸ್ತೂರಿ. ಮದುವೆಯಾಗಿ ವರ್ಷಗಳು ಕಳೆದಿದ್ದವು, ಮಕ್ಕಳಾಗಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರ್ ಆಯಿತು, ಹರಕೆ ಆಯಿತು, ಉಪವಾಸ ಆಯಿತು. ಕೊನೆಗೆ ಅಕ್ಕನ ಅತ್ತೆ ಗಂಗವ್ವ ಒಂದು ದಾರಿ ಕಂಡುಕೊಂಡಳು. ಆ ದಾರಿ ನಾನು. ದೊಡ್ಡವಳಿಗೆ ಮಕ್ಕಳಾಗದಿದ್ದರೆ ಅವಳ ತಂಗಿಯನ್ನೇ ಅದೇ ಗಂಡನಿಗೆ ಎರಡನೆಯವಳಾಗಿ ತರುವುದು ಆಗ ನಮ್ಮ ಕಡೆ ಹೊಸದೇನೂ ಆಗಿರಲಿಲ್ಲ. ಕಾಯದೆ ಬೇಡ ಎಂದಿತ್ತು, ಆದರೆ ಕಾಯದೆಯನ್ನು ಅಡುಗೆಮನೆಗೆ ಯಾರು ಕರೆಯುತ್ತಾರೆ? ಹುಡುಗಿ ಹೇಗೂ ಮನೆಯಲ್ಲೇ ಇದ್ದಾಳೆ, ರೊಟ್ಟಿ ಚೆನ್ನಾಗಿ ಬಡಿಯುತ್ತಾಳೆ. ಗಂಗವ್ವ ಸಂಗೊಳ್ಳಿಗೆ ಹೋಗಿ ನಮ್ಮ ಅಪ್ಪನ ಕಿವಿಗೆ ಹಾಕಿದಳು. ಅಪ್ಪ ಯೋಚನೆ ಮಾಡಿ, "ಹೊರಗಿನಾಕಿ ಬಂದ್ರ ಕಸ್ತೂರಿ ಗತಿ ಏನು? ತಂಗಿ ಆದ್ರ ಅಕ್ಕನ್ನ ಬಿಟ್ಟು ಕೊಡೂದಿಲ್ಲ" ಅಂದನಂತೆ. ಎಷ್ಟು ಕರುಣೆ ನೋಡಿ! ಎಲ್ಲರಿಗೂ ಎಲ್ಲರ ಮೇಲೆ ಕರುಣೆ ಇತ್ತು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದವಳು ಅಕ್ಕ ಒಬ್ಬಳೇ. ಅದೂ ಕೇಳಿದ್ದಲ್ಲ, ಒಪ್ಪಿಸಲು ಬಂದದ್ದು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆ, "ನೀ ಆದ್ರ ನನಗ ಚಿಂತಿ ಇಲ್ಲ" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನಿನಗ ಚಿಂತಿ ಇಲ್ಲ, ನನಗ ಐತಿ! ಮಾಮಾನ್ನ ಮಾಮಾ ಅಂತ ಕರದೇನಿ. ಗಂಡ ಅನ್ನಾಕ ನನ್ನ ನಾಲಿಗಿ ಹೊರಳೂದಿಲ್ಲ."

"ಹಂಗಾರ ನಾ ಎಲ್ಲಿಗೆ ಹೋಗ್ಲಿ?" ಅಂದಳು ಅಕ್ಕ. ರೊಟ್ಟಿ ಹೊತ್ತಿ ಕರಕಾಯಿತು. ಇಬ್ಬರೂ ತೆಗೆಯಲಿಲ್ಲ. ಅಕ್ಕನ ಮೇಲೆ ಸಿಟ್ಟು, ಅಕ್ಕನ ಮೇಲೆ ಪ್ರೀತಿ, ಎರಡೂ ಒಟ್ಟಿಗೇ ಬಂದು ನಾನು ಅಳುವುದಕ್ಕೆ ಶುರು ಮಾಡಿದೆ. ಅವಳೂ ಅತ್ತಳು.

ಮಾಮಾ ಈ ವಿಷಯದಲ್ಲಿ ತುಟಿ ಪಿಟ್ಟೆನ್ನಲಿಲ್ಲ. ತಾಯಿ ಎಷ್ಟು ಸಲ ಎತ್ತಿದರೂ "ನೋಡೂಣು ಬೇ" ಅಂದು ಅಂಗಡಿಗೆ ಹೋಗಿಬಿಡುತ್ತಿದ್ದ. ಅವನ ಮೌನವನ್ನು ಎಲ್ಲರೂ ಒಪ್ಪಿಗೆ ಎಂದುಕೊಂಡರು, ನಾನೂ ಎಂದುಕೊಂಡೆ. ಆಗಲೇ ಅವನು ಹತ್ತಿಯ ಕೆಲಸಕ್ಕೆ ರಾಮದುರ್ಗಕ್ಕೆ ಹೋದ. ಅಲ್ಲಿ ಒಬ್ಬ ಮುದಿ ವಕೀಲರ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ, ಈ ಗಾಡಿ ನಿಂತಿತ್ತಂತೆ. ಒಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಮೂತಿಯ ಮೇಲಿನ ಹೆಸರಿನ ಅಕ್ಷರಗಳು ಉದುರಿ ಹೋಗಿದ್ದವು. ಯಾವ ಕಂಪನಿಯದೆಂದು ವಕೀಲರಿಗೂ ಮರೆತಿತ್ತು. ಮಾಮಾ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಬೇಸಿಗೆಯೆಲ್ಲ ಬೈಲಹೊಂಗಲದ ಗ್ಯಾರೇಜಿನಲ್ಲಿ ಅದರ ಸೇವೆ ನಡೆಯಿತು. ಟ್ರ್ಯಾಕ್ಟರಿನ ಬೆಲ್ಟು, ಲಾರಿಯ ದೀಪ, ಎಲ್ಲೆಲ್ಲಿಯದೋ ನಟ್ಟು ಬೋಲ್ಟು. "ಇದರ ಸಾಮಾನು ಅಮೆರಿಕಾದಾಗೂ ಸಿಗೂದಿಲ್ರಿ ಸಾವಕಾರ" ಎಂದು ಮೇಸ್ತ್ರಿ ಹೇಳಿದರೆ, "ಅದಕ್ಕ ತಂದೇನಿ" ಎನ್ನುತ್ತಿದ್ದನಂತೆ ಮಾಮಾ.

ಒಂದು ದಿನ ಗಾಡಿ ಗುರುಗುಟ್ಟುತ್ತ ಮನೆ ಮುಂದೆ ಬಂದು ನಿಂತಿತು. ಓಣಿಯೆಲ್ಲ ನೆರೆಯಿತು. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ಒಂದು ಸುತ್ತು ಹಾಕಿದಳು.

"ಉಳಿದ ಬಾಗಿಲಾ ಎಲ್ಲಿ ಅದಾವೋ?"

"ಇರೂವ ಎರಡ ಬೇ."

"ಎಷ್ಟ ಮಂದಿ ಹಿಡೀತಾರ ಇದರಾಗ?"

"ಇಬ್ಬರು. ನಿನಗ ಹಿಂದ ಜಾಗಾ ಐತಿ, ಸ್ವಲ್ಪ ಇಕ್ಕಟ್ಟು."

"ನಿನ್ನ ತಲೀ ಕೆಟ್ಟೈತಿ ಏನ? ನಾಳೆ ಸಂಸಾರ ಬೆಳೀತು ಅಂದ್ರ?"

ಮಾಮಾ ಬಾಗಿಲು ಮುಚ್ಚಿದ. ಆ ಬಾಗಿಲು ಮುಚ್ಚುವ ಸದ್ದನ್ನು ನೀವು ಕೇಳಬೇಕಿತ್ತು. ಈಗಿನ ಕಾರುಗಳ ಬಾಗಿಲಿನಂತೆ ಡಬ್ಬಿ ಸದ್ದಲ್ಲ, ಕಣಜದ ಬಾಗಿಲು ಹಾಕಿದಷ್ಟು ಗಟ್ಟಿ. "ಬೆಳಿಯೂದಿಲ್ಲವ್ವಾ. ಇಬ್ಬರದ ಸಂಸಾರ, ಇಬ್ಬರದ ಗಾಡಿ" ಅಂದ. ಅಷ್ಟೇ. ವರ್ಷದ ಮಾತನ್ನೆಲ್ಲ ಒಂದೇ ಸಲ ಆಡಿದವನಂತೆ ಒಳಗೆ ಹೋಗಿ ನೀರು ಕುಡಿದ. ಅಕ್ಕ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಕುಣಿಯಬೇಕೆನಿಸಿತು. ಗಂಗವ್ವ ಮಾತ್ರ ಜಗ್ಗುವ ಪೈಕಿ ಅಲ್ಲ. "ಗಾಡಿ ಮಾತ ಬ್ಯಾರೆ, ಮನಿತನದ ಮಾತ ಬ್ಯಾರೆ" ಅಂದಳು.

ಆಮೇಲೆ ಶುರುವಾಯಿತು ನೋಡಿ ಊರಿನ ಗೋಳು. ಆಗೆಲ್ಲ ಗಂಡ ಹೆಂಡತಿ ಹೊರಗೆ ಹೊರಟರೆ ಗಂಡ ಮುಂದೆ, ಹೆಂಡತಿ ಹತ್ತು ಮಾರು ಹಿಂದೆ. ಬಾಡಿಗೆ ಕಾರಾದರೆ ಗಂಡಸು ಡ್ರೈವರ್ ಪಕ್ಕ, ಹೆಂಗಸರೆಲ್ಲ ಹಿಂದೆ. ಈ ಗಾಡಿಯಲ್ಲಿ ಅಕ್ಕ ಗಂಡನ ಪಕ್ಕದಲ್ಲೇ ಕೂಡಬೇಕು, ಬೇರೆ ದಾರಿಯಿಲ್ಲ. ಕೂತಳು. ಅದೇ ಒಂದು ಗದ್ದಲ. ಅದರ ಮೇಲೆ ಇನ್ನೊಂದು: ಆ ಗಾಡಿಯ ಸ್ಟೇರಿಂಗ್ ಎಡಕ್ಕಿತ್ತು. ಮಾಮಾ ಎಡಕ್ಕೆ ಕೂತು ಓಡಿಸುತ್ತಿದ್ದ, ಅಕ್ಕ ಬಲಕ್ಕೆ. ನಮ್ಮ ಊರಿನವರು ಕಂಡ ಎಲ್ಲ ಗಾಡಿಗಳಲ್ಲಿ ಬಲಕ್ಕೆ ಕೂತವನೇ ಡ್ರೈವರ್. ಅವರು ಕಂಡದ್ದೇನು? ತಲೆ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಡ್ರೈವರ್ ಜಾಗದಲ್ಲಿ ಕೂತಿದ್ದಾಳೆ, ಗಾಡಿ ಓಡುತ್ತಿದೆ! ಎರಡೇ ದಿನದಲ್ಲಿ ಸುದ್ದಿ ಗಂಗವ್ವನಿಗೆ ಮುಟ್ಟಿತು. "ಗಂಗವ್ವಾರ, ನಿಮ್ಮ ಸೊಸಿ ಕಾರ್ ಹೊಡ್ಯಾಕ ಹತ್ಯಾಳ್ರಿ. ಅದೂ ಒಂದ ಕೈಯಾಗ ಬಾಳಿಹಣ್ಣ ತಿನಕೋತ!"

ಗಂಗವ್ವ ರಂಪ ಮಾಡಿದಳು. ಮಾಮಾ ಸ್ಟೇರಿಂಗ್ ಎಲ್ಲಿದೆ ಎಂದು ತೋರಿಸಿ ಹೇಳಿದ. ಕೇಳುವವರು ಯಾರು? ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಕೊನೆಗೆ ಅವನು ಅಕ್ಕನ ಕಡೆ ತಿರುಗಿ, "ಹೆಂಗಿದ್ರೂ ಹೆಸರ ಬಂದೈತಿ. ಕಲತ ಬಿಡು" ಅಂದ.

"ಯವ್ವಾ, ನನ್ನ ಕೈಲೆ ಆಗೂದಿಲ್ರಿ!" ಅಂದಳು ಅಕ್ಕ. ಅಂದಳು, ಆದರೆ ಕಣ್ಣು ಹೊಳೆದವು.

ಮಾಮಾ ಹತ್ತಿಯ ಕೆಲಸಕ್ಕೆ ಮುನವಳ್ಳಿಯ ಕಡೆ ಹೋಗುವಾಗ ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದ. ನವಿಲುತೀರ್ಥದ ಕಾಲುವೆ ದಂಡೆಯ ರಸ್ತೆ ಆಗ ಖಾಲಿ ಹೊಡೆಯುತ್ತಿತ್ತು. ಅಲ್ಲಿ ಅಕ್ಕ ಗಾಡಿ ಕಲಿತಳು. ಹಿಂದಿನ ಇಕ್ಕಟ್ಟಿನಲ್ಲಿ ಮುದುಡಿ ಕೂತು ನಾನು ಎಲ್ಲಮ್ಮನನ್ನು ನೆನೆಯುತ್ತಿದ್ದೆ. ಮೊದಲ ದಿನ ಗಾಡಿ ಕಪ್ಪೆಯಂತೆ ಕುಪ್ಪಳಿಸಿ ನಿಂತಿತು. ಇನ್ನೊಂದು ದಿನ ಜೋಳದ ಹೊಲಕ್ಕೆ ಇಳಿಯಿತು. ಹೊಲದವನು ಬೈಯಲು ಬಂದವನು, ಓಡಿಸುತ್ತಿದ್ದವಳು ಹೆಂಗಸು ಎಂದು ಕಂಡು ಬೈಗುಳ ಮರೆತು ನಿಂತ. ಮಾಮಾ ಒಂದು ಸಲವೂ ದನಿ ಎತ್ತಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಆ ದಂಡೆಯ ಮೇಲೆ ನೆಟ್ಟಗೆ ಓಡಿಸತೊಡಗಿದರೆ ಸೆರಗು ಹೆಗಲಿಗೆ ಜಾರಿರುತ್ತಿತ್ತು. ಎತ್ತಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಮದುವೆಯಾದ ಮೇಲೆ ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ.

ಇತ್ತ ಗಂಗವ್ವ ಸುಮ್ಮನೆ ಕೂತಿರಲಿಲ್ಲ. ಒಂದು ಮಂಗಳವಾರ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವುದೆಂದು ಗೊತ್ತು ಮಾಡಿದಳು. ಬುಟ್ಟಿಯಲ್ಲಿ ಎರಡು ಉಡಿ ಸಾಮಾನು ಕಟ್ಟಿದಳು: ತೆಂಗಿನಕಾಯಿ, ಅಕ್ಕಿ, ಅರಿಸಿನ ಕೊಂಬು, ಹಸಿರು ಕುಪ್ಪಸದ ಖಣ. ಒಂದು ದೇವಿಗೆ. ಇನ್ನೊಂದು ನನಗೆ. ದೇವಿಯ ಎದುರು ನನ್ನ ಸೆರಗಿಗೆ ಉಡಿ ತುಂಬಿದರೆ ಮಾತು ಪಕ್ಕಾ ಆದಂತೆ. ಆಮೇಲೆ ಅಪ್ಪನೂ ಮಾಮಾನೂ ಅದನ್ನು ಮುರಿಯುವಂತಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ನನಗೆ ಹಿಂದಿನ ದಿನವೆಲ್ಲ ಅನ್ನ ಸೇರಲಿಲ್ಲ.

ಬೆಳಿಗ್ಗೆ ಗಾಡಿ ಬಾಗಿಲಲ್ಲಿ ನಿಂತಿತ್ತು. ಓಣಿಯ ಹೆಂಗಸರು ಕಟ್ಟೆಗಳ ಮೇಲೆ ಕೂತು ನೋಡುತ್ತಿದ್ದರು. ಗಂಗವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು, "ಕಸ್ತೂರಿ, ನೀ ನನ್ನ ಕೂಡ ಹಿಂದ ಕುಂದ್ರ. ಸಣ್ಣಾಕಿ ಮುಂದ ಕುಂದ್ರಲಿ."

ಒಂದೇ ಮಾತು. ಅಕ್ಕನ ಮುಖದಿಂದ ರಕ್ತವೆಲ್ಲ ಇಳಿಯಿತು. ಅವಳು ಸೀಟು ಮಡಚಲು ಬಗ್ಗಿದಳು.

ಮಾಮಾ ಅಕ್ಕನ ರಟ್ಟೆ ಹಿಡಿದು ನಿಲ್ಲಿಸಿದ. ಓಣಿಯ ಎದುರಿಗೆ, ಹಾಡುಹಗಲಿನಲ್ಲಿ, ಹೆಂಡತಿಯ ರಟ್ಟೆ ಹಿಡಿದ! ಕಿಸೆಯಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. "ಅವ್ವ ಹೇಳಿದಂಗ ಆಗ್ಲಿ. ಸಣ್ಣಾಕಿ ಮುಂದ ಕುಂದ್ರಲಿ. ನಾ ಅವ್ವನ ಕೂಡ ಹಿಂದ ಕುಂದ್ರತೇನಿ. ನೀ ಹೊಡಿ" ಅಂದ. ಅಂದವನೇ ತನ್ನ ಆರಡಿ ದೇಹವನ್ನು ಮಡಚಿಕೊಂಡು ಹಿಂದಕ್ಕೆ ನುಸುಳಿದ. "ಬಾ ಬೇ, ಹೊತ್ತಾಕ್ಕೈತಿ" ಎಂದು ಒಳಗಿನಿಂದ ತಾಯಿಗೆ ಕೈ ಚಾಚಿದ.

ಗಂಗವ್ವ ಸಿಕ್ಕಿಬಿದ್ದಳು. ತಾನೇ ಆಡಿದ ಮಾತು, ಓಣಿಯೆಲ್ಲ ಕೇಳಿಸಿಕೊಂಡಿದೆ. ಗುಡ್ಡಕ್ಕೆ ಹೊರಟವರು ಹೊಸ್ತಿಲು ದಾಟಿದ ಮೇಲೆ ಹೊಳ್ಳಿ ಹೋಗುವಂತಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮಗನ ಪಕ್ಕ ಹೇಗೋ ತುರುಕಿಕೊಂಡಳು. ಅಕ್ಕ ಎಡಕ್ಕೆ ಕೂತಳು, ನಾನು ಬಲಕ್ಕೆ. ಒಂದು ಸಲ ಅವಳು ನನ್ನ ಕಡೆ ನೋಡಿದಳು. ಗಾಡಿ ಹೊರಟಿತು.

ಬೈಲಹೊಂಗಲದ ಪೇಟೆಯಲ್ಲಿ ಅಂದು ಯಾರ ವ್ಯಾಪಾರವೂ ಸರಿಯಾಗಿ ನಡೆದಿರಲಿಕ್ಕಿಲ್ಲ. ಅದರಲ್ಲೂ ತಮಾಷೆ ನೋಡಿ, ಜನ ಕಂಡದ್ದು ಬಲಕ್ಕೆ ಕೂತ ನನ್ನನ್ನು! ಕಾಲೇಜು ಹುಡುಗಿ ಕಾರು ಹೊಡೆದಳೆಂದು ಊರೆಲ್ಲ ಡಂಗುರವಾಯಿತು. ಆ ಒಂದು ದಿನದ ಕೀರ್ತಿಯಿಂದ ನನಗೆ ಎರಡು ವರ್ಷ ಗಂಡು ಬರಲಿಲ್ಲ. ಎಂಥ ಉಪಕಾರ! ಅಷ್ಟರಲ್ಲಿ ನಾನು ಬಿ.ಎ. ಮುಗಿಸಿಕೊಂಡೆ.

ಹಿಂದಿನಿಂದ ದಾರಿಯುದ್ದಕ್ಕೂ ಗಂಗವ್ವನ ಶಾಪ, ನರಳಾಟ. "ನನ್ನ ಮೊಣಕಾಲೋ! ಕಸ್ತೂರಿ, ಸಾವಕಾಶ ಹೊಡಿಯ!" ಉಗರಗೋಳ ದಾಟಿ ಗುಡ್ಡದ ಏರಿಗೆ ಬಂದಾಗ ಮಾತ್ರ ದನಿ ಅಡಗಿತು. ಏರಿನಲ್ಲಿ ಎದುರಿಗೆ ಚಕ್ಕಡಿ ಸಾಲು ಬಂತು. ಅಕ್ಕ ಗಾಡಿಯನ್ನು ಅಂಚಿಗೆ ತಂದು, ತಡೆಹಿಡಿದು, ಮತ್ತೆ ಎತ್ತಿಕೊಂಡು ಹೋದಳು.

ಗುಡಿಯಲ್ಲಿ ಗಂಗವ್ವ ದೇವಿಗೆ ಉಡಿ ಅರ್ಪಿಸಿದಳು. ಆಮೇಲೆ ಎರಡನೆಯದನ್ನು ಎತ್ತಿಕೊಂಡು ನನ್ನ ಕಡೆ ತಿರುಗಿ, "ಸೆರಗ ಒಡ್ಡವಾ" ಅಂದಳು. ಮೆತ್ತಗೇ ಅಂದಳು, ಪ್ರೀತಿಯಿಂದಲೇ ಅಂದಳು. ಉಡಿ ತುಂಬಿಸಿಕೊಳ್ಳುವವಳು ಸೆರಗು ಒಡ್ಡಲೇಬೇಕು; ಒಡ್ಡದವಳಿಗೆ ಬಲವಂತದಿಂದ ತುಂಬಲಾಗದು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ.

"ಒಡ್ಡಂಗಿಲ್ಲ" ಅಂದೆ.

"ದೇವಿ ಮುಂದ ಅದಿ, ನೆನಪಿಟಗೋ!"

"ದೇವಿನೂ ನೋಡ್ಲಿ. ನಾ ಒಡ್ಡಂಗಿಲ್ಲ ಅತ್ತಿ. ನಮ್ಮಕ್ಕನ ಜಾಗಾ ನನಗ ಬ್ಯಾಡ."

ಕೈ ಹಿಂದೆಯೇ ಇದ್ದವು. ಹಿಂದೆ ಭಕ್ತರ ಸಾಲು ನೂಕುತ್ತಿತ್ತು. "ಲಗೂ ಮುಗಸ್ರಿ ಯವ್ವಾ" ಎಂದು ಯಾರೋ ಕೂಗಿದರು. ದೇವಿಯ ಮುಂದೆ ತಂದ ಉಡಿಯನ್ನು ಮನೆಗೆ ಹೊಳ್ಳಿ ಒಯ್ಯಬಾರದು. ಗಂಗವ್ವ ತೆಂಗಿನಕಾಯಿ ಹಿಡಿದು ಮಗನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕೊನೆಗೆ ಅಕ್ಕನ ಕಡೆ ತಿರುಗಿ ಸಿಡುಕಿದಳು, "ನಿಂತ ನೋಡತೀ ಏನ? ಹಿಡಿ!" ಅಕ್ಕ ಸೆರಗು ಒಡ್ಡಿದಳು. ಕಾಯಿ, ಅಕ್ಕಿ, ಖಣ ಎಲ್ಲ ಅವಳ ಮಡಿಲಿಗೆ ಬಿದ್ದವು. ಗಂಗವ್ವನ ಕಣ್ಣಲ್ಲಿ ನೀರಿತ್ತು. ಸಿಟ್ಟಿನದೋ, ಸೋಲಿನದೋ, ಮೊಮ್ಮಗನ ಆಸೆಯದೋ, ನನಗೆ ಗೊತ್ತಿಲ್ಲ. ಅವಳ ಮೇಲೆ ನನಗೆ ಆ ಹೊತ್ತು ಮರುಕ ಬಂದದ್ದು ಖರೆ. ಆದರೂ ಕೈ ಮುಂದೆ ತರಲಿಲ್ಲ.

ಹೊಳ್ಳಿ ಬರುವಾಗ ಗಂಗವ್ವ ಹಿಂದೆ ಕೂಡಲು ಸುತರಾಂ ಒಪ್ಪಲಿಲ್ಲ. ಸೊಸೆಯ ಪಕ್ಕ ಮುಂದೆ ಕೂತು, ಮುಖ ಗಂಟಿಕ್ಕಿಕೊಂಡೇ ಬಂದಳು. ಮಗನೊಡನೆ ಬಹಳ ದಿನ ಮಾತಾಡಲಿಲ್ಲ. ಎರಡನೆಯ ಮದುವೆಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ನಮ್ಮ ಅಪ್ಪ ಮಾತ್ರ, ನಾನು ಕಿತ್ತೂರಿನಲ್ಲಿ ಶಾಲೆ ಸೇರಿ ಸಂಬಳ ತರುವ ತನಕ ಸರಿಯಾಗಿ ಮುಖ ಕೊಡಲಿಲ್ಲ. ಗಾಡಿ ಇನ್ನೂ ಕೆಲವು ವರ್ಷ ಓಡಿತು. ಪೆಟ್ರೋಲಿನ ಬೆಲೆ ಏರಿದಾಗ ನಮ್ಮವರೆಲ್ಲ "ಮಾರೋ ಮಾರಾಯಾ" ಅಂದರು, ಮಾಮಾ ಮಾರಲಿಲ್ಲ. ಒಂದು ದಿನ ಅದು ನಿಂತಿತು. ಸಾಮಾನು ಸಿಗಲಿಲ್ಲ, ಗುಜರಿಗೆ ಹೋಯಿತು. ಮಾಮಾ ಹೋಗಿಯೂ ಈಗ ಕೆಲವು ವರ್ಷಗಳಾದವು. ಅಕ್ಕ ಕಿತ್ತೂರಿನಲ್ಲಿ ನನ್ನ ಮನೆಯಲ್ಲಿದ್ದಾಳೆ. ಕಿವಿ ಸ್ವಲ್ಪ ಮಂದ, ನಾಲಗೆ ಚುರುಕು.

ಈ ಕಥೆಯನ್ನು ನಾನು ಯಾರಿಗೆ ಹೇಳಿದರೂ ಅವರು ಕೊನೆಗೆ ಒಂದೇ ಮಾತು ಕೇಳುತ್ತಾರೆ: "ಮುಂದ ಮಕ್ಕಳಾದುವೇನ್ರಿ?" ಉಡಿ ತುಂಬಿದ ಮೇಲೆ ದೇವಿ ಕಣ್ಣು ತೆರೆದಿರಬೇಕು ಎಂದು ಅವರ ಆಸೆ. ನಿಮಗೂ ಇರಬಹುದು. ಇಲ್ಲ, ಆಗಲಿಲ್ಲ. ಹಾಗೆಂದರೆ ಸಾಕು, ಎಲ್ಲರೂ "ಅಯ್ಯ, ಪಾಪ" ಎನ್ನುತ್ತಾರೆ. ಆ ಪಾಪ ಎನ್ನುವ ಶಬ್ದದ ಜೊತೆ ಐವತ್ತು ವರ್ಷ ಜಗಳಾಡಿದ್ದೇನೆ. ಯಾತರ ಪಾಪ, ಅವರಿಗೇನು ಕಡಿಮೆಯಾಗಿತ್ತು ಎಂದು ಎಷ್ಟು ಮದುವೆ ಮನೆಗಳಲ್ಲಿ ನಾನು ಊಟ ಬಿಟ್ಟು ವಾದ ಮಾಡಿದ್ದೇನೋ, ಲೆಕ್ಕವಿಲ್ಲ.

ಧಾರವಾಡದಿಂದ ಬಂದ ಸಂಜೆ ನನ್ನ ಮೊಮ್ಮಗಳಿಗೆ ಗಾಡಿಯ ಚಹರೆ ಹೇಳಿದೆ. ಅವಳು ಫೋನಿನಲ್ಲಿ ಹುಡುಕಿ ಹುಡುಕಿ, ಕೊನೆಗೆ ಅದೇ ಮೂತಿ, ಅದೇ ಇಳಿಜಾರಿನ ಬೆನ್ನಿನ ಒಂದು ಚಿತ್ರ ತೆಗೆದಳು. ಅಕ್ಕನ ಕೈಗೆ ಕೊಟ್ಟೆವು. ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಮೊಮ್ಮಗಳು ಅವಳ ಹೆಗಲ ಮೇಲಿಂದ ಇಣುಕಿ, ಯೋಚಿಸದೆ, "ದೊಡ್ಡಜ್ಜಿ, ಇದರಾಗ ಹಿಂದ ಜಾಗಾನ ಇಲ್ಲಲ್ಲ! ಮಕ್ಕಳು ಮರಿ ಎಲ್ಲಿ ಕುಂದ್ರತಿದ್ರು?" ಅಂದುಬಿಟ್ಟಳು. ಅಂದ ಕೂಡಲೇ ನಾಲಗೆ ಕಚ್ಚಿಕೊಂಡಳು. ನಾನು ಎಂದಿನಂತೆ ಅಕ್ಕನ ಪರವಾಗಿ ಜಗಳಕ್ಕೆ ಬಾಯಿ ತೆರೆದೆ. ಅಕ್ಕ ಫೋನಿನಿಂದ ಕಣ್ಣೆತ್ತದೆ ನನ್ನ ಮೊಣಕಾಲು ತಟ್ಟಿ ಸುಮ್ಮನಾಗಿಸಿದಳು.

"ನಾವಿಬ್ಬರು ಕುಂತ್ವಿ ಅಂದ್ರ ಗಾಡಿ ತುಂಬತಿತ್ತವಾ" ಅಂದಳು.